ಹಾನಿಗೊಂಡ ಹೃದಯಸ್ನಾಯುವಿನಲ್ಲಿ ನಾರ್‌ಅಡ್ರಿನಾಲಿನ್: ಯಾವ ಔಷಧಿ ಎಲ್ಲಿ ಕೆಲಸ ಮಾಡುತ್ತದೆ?

ಎಂ.ಫಾರ್ಮ್_ಎರಡನೇ_ವರ್ಷ
ಎಲ್ಲರಿಗೂ ನಮಸ್ಕಾರ. ಓದಿದ ಎರಡು ಮಾತು ಒಂದಕ್ಕೊಂದು ಕೂಡಿ ಬರುತ್ತಿಲ್ಲ. ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) ಆದವರ ರಕ್ತದಲ್ಲಿ ಒತ್ತಡದ ಹಾರ್ಮೋನಾದ ನಾರ್‌ಅಡ್ರಿನಾಲಿನ್ ಹೆಚ್ಚಿರುತ್ತದೆ ಎನ್ನುತ್ತಾರೆ. ಅದೇ ರೋಗಿಯ ಹೃದಯಸ್ನಾಯುವಿನೊಳಗೆ ಅದರ ಸಂಗ್ರಹ ಬರಿದಾಗಿರುತ್ತದೆ ಎಂದೂ ಹೇಳುತ್ತಾರೆ. ಎರಡೂ ಒಟ್ಟಿಗೆ ಹೇಗೆ ನಿಜ? ಇನ್ನೊಂದು: ಈ ಹಾರ್ಮೋನಿನಿಂದಲೇ ಸ್ನಾಯು ಕೆಡುತ್ತದೆ ಎಂದಾದರೆ, ಮೆದುಳಿನ ಮಟ್ಟದಲ್ಲೇ ಅದನ್ನು ಇಳಿಸುವ ಕ್ಲೊನಿಡಿನ್, ಮಾಕ್ಸೊನಿಡಿನ್ ಬಿಟ್ಟು, ಅದು ಹೃದಯಕ್ಕೆ ಕೊಡುವ ಸಂಕೇತವನ್ನು ತಡೆಯುವ ಬೀಟಾ ಬ್ಲಾಕರ್ ಯಾಕೆ ಕೊಡುತ್ತಾರೆ?

ಶರೀರಕ್ರಿಯೆ_ಮೇಷ್ಟ್ರು
ಎರಡೂ ನಿಜ. ಅಳೆದ ಜಾಗ ಬೇರೆ, ಅಷ್ಟೆ. 1960ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಚಿಡ್ಸಿ, ಬ್ರೌನ್‌ವಾಲ್ಡ್ ತಂಡ ಎರಡನ್ನೂ ತೋರಿಸಿತು. ಫೇಲ್ಯೂರ್ ರೋಗಿಗಳ ರಕ್ತದಲ್ಲೂ ಮೂತ್ರದಲ್ಲೂ ನಾರ್‌ಅಡ್ರಿನಾಲಿನ್ ಜಾಸ್ತಿ ಇತ್ತು. ಶಸ್ತ್ರಚಿಕಿತ್ಸೆ ವೇಳೆ ತೆಗೆದ ಹೃತ್ಕರ್ಣದ ಚೂರಿನಲ್ಲಿ ಮಾತ್ರ ಅದು ತೀವ್ರವಾಗಿ ಕುಸಿದಿತ್ತು.

ಕಾರಣ ನರದ ತುದಿಯಲ್ಲಿದೆ. ಸಿಂಪಥೆಟಿಕ್ ನರದ (ಒತ್ತಡದಲ್ಲಿ ಹೃದಯವನ್ನು ಚುರುಕುಗೊಳಿಸುವ ನರ) ತುದಿಗಳಲ್ಲಿ ನಾರ್‌ಅಡ್ರಿನಾಲಿನ್ ಸಣ್ಣ ಕೋಶಿಕೆಗಳಲ್ಲಿ ತುಂಬಿರುತ್ತದೆ. ನರ ಉದ್ರೇಕಗೊಂಡಾಗ ಹೊರಬರುತ್ತದೆ, ಸ್ನಾಯುಕೋಶದ ಬೀಟಾ ರಿಸೆಪ್ಟರ್ (ಹಾರ್ಮೋನಿನ ಸಂಕೇತ ಹಿಡಿಯುವ ಪ್ರೋಟೀನ್) ಮುಟ್ಟುತ್ತದೆ. ಆರೋಗ್ಯವಂತ ಹೃದಯದಲ್ಲಿ ಹೊರಬಂದದ್ದರ ಬಹುಪಾಲನ್ನು ಅದೇ ನರದ ತುದಿ ವಾಪಸ್ ಒಳಗೆಳೆದುಕೊಳ್ಳುತ್ತದೆ. ಈ ಮರುಹೀರಿಕೆಯನ್ನು ಕಂಡುಹಿಡಿದ ಜೂಲಿಯಸ್ ಆಕ್ಸೆಲ್‌ರಾಡ್ 1970ರ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು. ಹೃದಯ ಈ ಮರುಹೀರಿಕೆಯನ್ನು ಬೇರೆ ಅಂಗಗಳಿಗಿಂತ ಹೆಚ್ಚು ನೆಚ್ಚಿಕೊಂಡಿದೆ, ಆದ್ದರಿಂದ ಅದು ಕೆಟ್ಟರೆ ಪೆಟ್ಟೂ ಇಲ್ಲೇ ಜೋರು.

ಫೇಲ್ಯೂರ್‌ನಲ್ಲಿ ಮೂರು ತಪ್ಪು ಒಟ್ಟಿಗೆ ನಡೆಯುತ್ತವೆ. ನರ ಬಿಡುವಿಲ್ಲದೆ ಉದ್ರೇಕದಲ್ಲಿರುತ್ತದೆ. ಮರುಹೀರಿಕೆಯ ಸಾಗಣೆ ಪ್ರೋಟೀನ್ ಕಡಿಮೆಯಾಗುತ್ತದೆ. ಹೊಸ ನಾರ್‌ಅಡ್ರಿನಾಲಿನ್ ತಯಾರಿಕೆಯೂ ಸಂಗ್ರಹವೂ ಖರ್ಚಿಗೆ ಸಾಲದಾಗುತ್ತವೆ. ಹೀಗಾಗಿ ನರದೊಳಗೆ ದಾಸ್ತಾನಿಲ್ಲ, ಸ್ನಾಯುಕೋಶದ ಸುತ್ತ ಮಾತ್ರ ಸದಾ ತುಂಬಿ ನಿಂತಿರುತ್ತದೆ. ಅಲ್ಲಿಂದ ಸೋರಿದ್ದು ರಕ್ತಕ್ಕೆ ಬರುತ್ತದೆ.

ಸ್ನಾಯುಕೋಶ ಸುಮ್ಮನಿರುವುದಿಲ್ಲ. ಜಿಆರ್‌ಕೆ2 ಎಂಬ ಕಿಣ್ವ ರಿಸೆಪ್ಟರಿಗೆ ಫಾಸ್ಫೇಟ್ ಅಂಟಿಸುತ್ತದೆ, ಬೀಟಾ-ಅರೆಸ್ಟಿನ್ ಬಂದು ಅದನ್ನು ಸಂಕೇತದಿಂದ ಬಿಡಿಸುತ್ತದೆ, ಎಷ್ಟೋ ರಿಸೆಪ್ಟರ್‌ಗಳು ಕೋಶದ ಮೇಲ್ಮೈಯಿಂದಲೇ ಇಲ್ಲವಾಗುತ್ತವೆ. 1982ರಲ್ಲಿ ಬ್ರಿಸ್ಟೋ ತಂಡ ಕಸಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಾನವ ಹೃದಯಗಳಲ್ಲಿ ಬೀಟಾ ರಿಸೆಪ್ಟರ್ ಸಾಂದ್ರತೆ ಸುಮಾರು ಅರ್ಧಕ್ಕಿಳಿದದ್ದನ್ನು ಅಳೆಯಿತು. ನಷ್ಟವೆಲ್ಲ ಮುಖ್ಯವಾಗಿ ಬೀಟಾ-1ರದು. ಸಹಜ ಹೃದಯದಲ್ಲಿ ಬೀಟಾ-1 ಮತ್ತು ಬೀಟಾ-2 ಸುಮಾರು 80:20 ಇದ್ದರೆ, ಕೆಟ್ಟ ಹೃದಯದಲ್ಲಿ ಸುಮಾರು 60:40.

ಇದು ಕೋಶ ತನ್ನನ್ನು ಕಾಪಾಡಿಕೊಳ್ಳುವ ಕ್ರಮ ಎಂದೇ ನಾನು ಓದುತ್ತೇನೆ. 1992ರಲ್ಲಿ ಮಾನ್ ತಂಡ ಬೇರ್ಪಡಿಸಿದ ವಯಸ್ಕ ಹೃದಯಕೋಶಗಳಿಗೆ ನಾರ್‌ಅಡ್ರಿನಾಲಿನ್ ಹಾಕಿದಾಗ ಕೋಶಗಳು ಸತ್ತವು. ರಿಸೆಪ್ಟರಿನ ಸಂಕೇತವನ್ನು ಕೋಶದೊಳಗೆ ಒಯ್ಯುವ ಸಿಎಎಂಪಿ ಏರಿ ಕ್ಯಾಲ್ಸಿಯಂ ಒಳನುಗ್ಗಿದ್ದು ಕಾರಣ. ಬೀಟಾ ಬ್ಲಾಕರ್ ಪ್ರೊಪ್ರಾನೊಲಾಲ್ ಕೊಟ್ಟಾಗ ಆ ಹಾನಿಯ ಹೆಚ್ಚಿನ ಪಾಲು ತಪ್ಪಿತು.

ನಿಮ್ಮ ಎರಡನೇ ಪ್ರಶ್ನೆಗೆ ಟ್ರಯಲ್‌ಗಳನ್ನು ಬಲ್ಲವರು ಉತ್ತರಿಸಲಿ.

ಕಾರ್ಡಿಯಾಲಜಿ_ಹುಬ್ಬಳ್ಳಿ
ಮೇಷ್ಟ್ರು ಹೇಳಿದ ನೆಲೆಯಿಂದಲೇ ಮುಂದುವರಿಸುತ್ತೇನೆ.

1984ರಲ್ಲಿ ಕೋನ್ ತಂಡ 106 ರೋಗಿಗಳಲ್ಲಿ ತೋರಿಸಿದ್ದು: ರಕ್ತದ ನಾರ್‌ಅಡ್ರಿನಾಲಿನ್ ಎಷ್ಟು ಹೆಚ್ಚೋ ಬದುಕುಳಿಯುವ ಸಂಭವ ಅಷ್ಟು ಕಡಿಮೆ. ಮಿ.ಲೀ.ಗೆ 800 ಪಿಕೋಗ್ರಾಂ ದಾಟಿದವರ ಗತಿ ತೀರಾ ಕೆಟ್ಟದಿತ್ತು. ಅಂಕಿ ಇಳಿಸಿದರೆ ಜೀವ ಉಳಿಯುತ್ತದೆ ಎಂಬ ಲೆಕ್ಕಾಚಾರ ಅಲ್ಲಿಂದ ಬಲವಾಯಿತು.

ಮಾಕ್ಸ್‌ಕಾನ್ ಟ್ರಯಲ್ ಅದನ್ನೇ ನೇರವಾಗಿ ಪರೀಕ್ಷಿಸಿತು. 1,934 ರೋಗಿಗಳು, ನಿಧಾನ ಬಿಡುಗಡೆಯ ಮಾಕ್ಸೊನಿಡಿನ್, ಗುರಿ ಡೋಸ್ 1.5 ಮಿ.ಗ್ರಾಂ ದಿನಕ್ಕೆರಡು ಬಾರಿ. ನಾರ್‌ಅಡ್ರಿನಾಲಿನ್ 18.8% ಇಳಿಯಿತು, ಪ್ಲಸೀಬೊ (ಔಷಧಿಯಿಲ್ಲದ ಹುಸಿ ಮಾತ್ರೆ) ಪಡೆದವರಲ್ಲಿ 6.9% ಏರಿತು. ಪ್ರಯೋಗಾಲಯದ ಲೆಕ್ಕದಲ್ಲಿ ಗೆಲುವು. ಆದರೆ ಸಾವು 54, ಪ್ಲಸೀಬೊದಲ್ಲಿ 32. ಟ್ರಯಲನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಬೆಸ್ಟ್ ಟ್ರಯಲ್ (2001, 2,708 ರೋಗಿಗಳು) ಬುಸಿಂಡೊಲಾಲ್ ಎಂಬ ಬೀಟಾ ಬ್ಲಾಕರನ್ನು ನೋಡಿತು. ಅದು ನರದಿಂದ ಬಿಡುಗಡೆಯನ್ನೂ ಇಳಿಸುತ್ತದೆ. ಒಟ್ಟಾರೆ ಸಾವಿನಲ್ಲಿ ಖಚಿತ ಇಳಿಕೆ ಕಾಣಲಿಲ್ಲ, ನಾರ್‌ಅಡ್ರಿನಾಲಿನ್ ಅತಿಯಾಗಿ ಇಳಿದ ಗುಂಪಿನಲ್ಲಿ ಸಾವಿನ ಅಪಾಯ ಹೆಚ್ಚಿತ್ತು.

ಇದು 1963ರಲ್ಲೇ ಸೂಚಿತವಾಗಿತ್ತು. ಫೇಲ್ಯೂರ್ ರೋಗಿಗಳಿಗೆ ಗ್ವಾನೆಥಿಡಿನ್ ಕೊಟ್ಟು ನರವನ್ನೇ ಮೌನಗೊಳಿಸಿದಾಗ ಅವರ ಸ್ಥಿತಿ ಬಿಗಡಾಯಿಸಿತು. ಸೋತ ಹೃದಯ ಆ ಆಸರೆಯ ಮೇಲೆಯೇ ಬಿಪಿ ಹಿಡಿದಿಟ್ಟಿರುತ್ತದೆ. ನರವನ್ನು ಅಡಗಿಸಿದರೆ ಅಗತ್ಯ ಬಿದ್ದಾಗ ಮರಳಿ ಪಡೆಯಲು ದಾರಿಯಿಲ್ಲ. ಬೀಟಾ ಬ್ಲಾಕರ್ ರಿಸೆಪ್ಟರ್ ಮೇಲೆ ಸ್ಪರ್ಧೆಗೆ ಕೂರುತ್ತದೆ. ಮೆಟ್ಟಿಲು ಹತ್ತುವಾಗ, ಜ್ವರ ಬಂದಾಗ ನಾರ್‌ಅಡ್ರಿನಾಲಿನ್ ಹೆಚ್ಚಾದರೆ ಒಂದಷ್ಟು ಸಂಕೇತ ದಾಟಿ ಹೋಗುತ್ತದೆ. ಡೋಸನ್ನು ಚೂರು ಚೂರೇ ಏರಿಸಲೂಬಹುದು. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲಿದೆ: ರಕ್ತದ ಅಂಕಿಗಿಂತ ಸ್ನಾಯುಕೋಶಕ್ಕೆ ತಲುಪುವ ಸಂಕೇತ ಮುಖ್ಯ.

ಬಿಪಿಗೆಂದು ಮಾಕ್ಸೊನಿಡಿನ್ ನುಂಗುತ್ತಿರುವವರ ಎಕೋದಲ್ಲಿ ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) 40%ಗಿಂತ ಕೆಳಗೆ ಬಂದರೆ ಆ ಮಾತ್ರೆಯನ್ನು ಮರುಪರಿಶೀಲಿಸಬೇಕು. ಕ್ಲೊನಿಡಿನ್‌ಗೂ ಅದೇ ಎಚ್ಚರ. ಎರಡನ್ನೂ ಥಟ್ಟನೆ ನಿಲ್ಲಿಸಬಾರದು. ಬೀಟಾ ಬ್ಲಾಕರ್ ಜೊತೆಗಿರುವಾಗ ಕ್ಲೊನಿಡಿನ್ ಒಮ್ಮೆಲೇ ಬಿಟ್ಟರೆ ಬಿಪಿ ಅಪಾಯಕರವಾಗಿ ಚಿಮ್ಮುತ್ತದೆ.

ಎಂ.ಫಾರ್ಮ್_ಎರಡನೇ_ವರ್ಷ
ಧನ್ಯವಾದ ಸರ್. ಹಾಗಾದರೆ ಉಳಿದ ಔಷಧಿಗಳು? ಎಸಿಇ ಇನ್ಹಿಬಿಟರ್, ಸ್ಪೈರೊನೊಲ್ಯಾಕ್ಟೋನ್, ಡಿಗಾಕ್ಸಿನ್ ಇವು ನಾರ್‌ಅಡ್ರಿನಾಲಿನ್ ಮೇಲೆ ಏನಾದರೂ ಮಾಡುತ್ತವೆಯೇ?

ಕಾರ್ಡಿಯಾಲಜಿ_ಹುಬ್ಬಳ್ಳಿ
ಮಾಡುತ್ತವೆ, ಪ್ರತಿಯೊಂದೂ ತನ್ನದೇ ಜಾಗದಲ್ಲಿ.

ರಕ್ತನಾಳ ಬಿಗಿಸುವ ಹಾರ್ಮೋನ್ ಆಂಜಿಯೊಟೆನ್ಸಿನ್-2 ನರದ ತುದಿಯ ಎಟಿ1 ರಿಸೆಪ್ಟರ್ ಮೂಲಕ ನಾರ್‌ಅಡ್ರಿನಾಲಿನ್ ಬಿಡುಗಡೆಯನ್ನು ಹೆಚ್ಚಿಸುತ್ತದೆ. ಎಸಿಇ ಇನ್ಹಿಬಿಟರ್‌ಗಳಾದ ಎನಾಲಪ್ರಿಲ್, ರಾಮಿಪ್ರಿಲ್ ಅದರ ತಯಾರಿಕೆ ತಡೆದು, ವಾಲ್ಸಾರ್ಟನ್ ಆ ರಿಸೆಪ್ಟರ್ ಮುಚ್ಚಿ ಆ ಒತ್ತಡ ತಗ್ಗಿಸುತ್ತವೆ. 1987ರ ಕನ್ಸೆನ್ಸಸ್ ಟ್ರಯಲ್‌ನಲ್ಲಿ ತೀವ್ರ ಫೇಲ್ಯೂರ್ ಇದ್ದ 253 ಜನರಲ್ಲಿ ಎನಾಲಪ್ರಿಲ್ ಆರು ತಿಂಗಳ ಸಾವನ್ನು 40% ಇಳಿಸಿತು. ಹಾರ್ಮೋನ್‌ಗಳು ಹೆಚ್ಚಿದ್ದವರಿಗೇ ಲಾಭ ಎದ್ದು ಕಂಡಿತು.

ಉಪ್ಪು ಹಿಡಿದಿಡುವ ಹಾರ್ಮೋನ್ ಅಲ್ಡೋಸ್ಟಿರೋನ್ ಹೃದಯದಲ್ಲಿ ನಾರ್‌ಅಡ್ರಿನಾಲಿನ್ ಮರುಹೀರಿಕೆಗೆ ಅಡ್ಡಿ ಮಾಡುತ್ತದೆ. ಅದನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಕೊಟ್ಟವರಲ್ಲಿ ಆ ಹೀರಿಕೆ ಸುಧಾರಿಸಿದ್ದು ಹೃದಯದ ನರದ ತುದಿಗಳನ್ನು ತೋರಿಸುವ ಎಂಐಬಿಜಿ ಸ್ಕ್ಯಾನ್‌ನಲ್ಲಿ ಕಂಡಿದೆ. ಮರುಹೀರಿಕೆಯನ್ನೇ ಸರಿಪಡಿಸುವ ಔಷಧಿಗಳು ಕೆಲವೇ, ಅದಕ್ಕೆ ಇದನ್ನು ಒತ್ತಿ ಹೇಳುತ್ತೇನೆ. ರೇಲ್ಸ್ ಟ್ರಯಲ್‌ನಲ್ಲಿ (1999, 1,663 ರೋಗಿಗಳು) ಅದು ಸಾವನ್ನು 30% ತಗ್ಗಿಸಿತು. ಅದಕ್ಕೆ ಕಾರಣ ಮೂತ್ರ ಹೆಚ್ಚಾದದ್ದು ಮಾತ್ರ ಆಗಿರಲಾರದು, 25 ಮಿ.ಗ್ರಾಂ ಆಸುಪಾಸಿನ ಡೋಸ್ ಅಷ್ಟು ಮೂತ್ರ ತರಿಸುವುದಿಲ್ಲ.

ಡಿಗಾಕ್ಸಿನ್ ಬಗ್ಗೆ ಹಳೆಯ ತಿಳಿವಳಿಕೆ ಸಂಕೋಚನ ಹೆಚ್ಚಿಸುವುದು. ಆದರೆ ಕಡಿಮೆ ಮಟ್ಟದಲ್ಲೇ ಅದು ಬಿಪಿ ಗ್ರಹಿಸುವ ಬ್ಯಾರೊರಿಸೆಪ್ಟರ್‌ಗಳನ್ನು ಚುರುಕಾಗಿಸಿ ಸಿಂಪಥೆಟಿಕ್ ನರದ ಚಟುವಟಿಕೆ ಇಳಿಸುತ್ತದೆ. ರಕ್ತದ ಮಟ್ಟ 0.5ರಿಂದ 0.9 ನ್ಯಾನೋಗ್ರಾಂ/ಮಿ.ಲೀ. ಸಾಕು. ಮೇಲೆ ಹೋದಂತೆ ಲಾಭ ಹೆಚ್ಚದು, ವಿಷವಾಗುವ ಭಯ ಹೆಚ್ಚುತ್ತದೆ. ರಕ್ತವನ್ನು ಕೊನೆಯ ಡೋಸಿನಿಂದ ಕನಿಷ್ಠ 6 ಗಂಟೆ ಬಿಟ್ಟು ತೆಗೆಯಬೇಕು.

ಐವಾಬ್ರಾಡಿನ್ ನಾರ್‌ಅಡ್ರಿನಾಲಿನ್ ಅನ್ನಾಗಲಿ ಬೀಟಾ ರಿಸೆಪ್ಟರನ್ನಾಗಲಿ ಮುಟ್ಟುವುದಿಲ್ಲ. ಬಡಿತ ಹುಟ್ಟುವ ಸೈನಸ್ ನೋಡ್‌ನ ಬಡಿತ ನಿಧಾನಿಸುತ್ತದೆ. ಬೀಟಾ ಬ್ಲಾಕರ್ ಬದಲಿಗೆ ಬರೆಯುವ ಮಾತ್ರೆ ಅದಲ್ಲ, ಏಟ್ರಿಯಲ್ ಫಿಬ್ರಿಲೇಶನ್ (ಹೃತ್ಕರ್ಣದ ಅಡ್ಡಾದಿಡ್ಡಿ ಬಡಿತ) ಇದ್ದರೆ ಉಪಯೋಗವೂ ಇಲ್ಲ.

ಏರಿಸುವ ಔಷಧಿಗಳನ್ನೂ ಮರೆಯಬಾರದು. ರಕ್ತನಾಳಕ್ಕೆ ಚುಚ್ಚಿ ಕೊಟ್ಟ ನೀರಿನ ಔಷಧಿ ಫ್ಯೂರೊಸೆಮೈಡ್ ಮೊದಲ 20 ನಿಮಿಷದಲ್ಲಿ ರೆನಿನ್ ಮತ್ತು ನಾರ್‌ಅಡ್ರಿನಾಲಿನ್ ಎರಡನ್ನೂ ಏರಿಸುತ್ತದೆ ಎಂದು 1985ರಲ್ಲಿ ಫ್ರಾನ್ಸಿಸ್ ತಂಡ ತೋರಿಸಿದೆ. ನೀರು ತುಂಬಿದ ರೋಗಿಗೆ ಅದು ಬೇಕೇ ಬೇಕು. ಒಣಗಿದ ರೋಗಿಗೆ ಅದೇ ಡೋಸ್ ಮುಂದುವರಿಸಿದರೆ ಹಾರ್ಮೋನ್‌ಗಳು ಮೇಲೇರುತ್ತವೆ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಜೊತೆಗೆ ಏರುತ್ತದೆ. ಬೇಗ ಕೆಲಸ ಮಾಡುವ ನಿಫೆಡಿಪಿನ್ ಬಿಪಿ ಜಾರಿಸಿ ಪ್ರತಿಕ್ರಿಯೆಯಾಗಿ ನರವನ್ನು ಕೆರಳಿಸುತ್ತದೆ.

ಲ್ಯಾಬ್_ಸುಧಾ
ರಕ್ತದ ನಾರ್‌ಅಡ್ರಿನಾಲಿನ್ ವರದಿ ಹಿಡಿದು ಚಿಕಿತ್ಸೆ ನಿರ್ಧರಿಸಲು ಹೊರಡುವವರಿಗೆ ಒಂದು ಮಾತು. ಮಾದರಿ ತೆಗೆಯುವ ರೀತಿಯಲ್ಲೇ ಅಂಕಿ ಎರಡರಷ್ಟಾಗುತ್ತದೆ.

ಮಲಗಿದ್ದವರು ಎದ್ದು ನಿಂತ ಐದು ನಿಮಿಷದೊಳಗೆ ಅದು ಸುಮಾರು ದ್ವಿಗುಣ. ಸೂಜಿ ಚುಚ್ಚಿದ ನೋವಿಗೂ ಏರುತ್ತದೆ. ಆದ್ದರಿಂದ ಮೊದಲು ಕ್ಯಾನುಲಾ ಹಾಕಿ, ಶಾಂತ ಕೋಣೆಯಲ್ಲಿ 20–30 ನಿಮಿಷ ಅಂಗಾತ ಮಲಗಿಸಿ, ಆಮೇಲೆ ಅದೇ ಕ್ಯಾನುಲಾದಿಂದ ರಕ್ತ ಎಳೆಯಬೇಕು. ಕಾಫಿ, ಬೀಡಿ, ಸಿಗರೇಟು ಹಿಂದಿನ ರಾತ್ರಿಯಿಂದ ಬೇಡ. ಟ್ಯೂಬನ್ನು ಮೊದಲೇ ತಣ್ಣಗೆ ಮಾಡಿರಬೇಕು, ತೆಗೆದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು ಶೀತಲ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಿ ಹೆಪ್ಪುಗಟ್ಟಿಸಬೇಕು. ತಾಲ್ಲೂಕು ಕೇಂದ್ರದಿಂದ ಕೋಣೆಯ ಉಷ್ಣದಲ್ಲಿ ಕೊರಿಯರ್‌ನಲ್ಲಿ ಬಂದ ಮಾದರಿಯ ಅಂಕಿಯನ್ನು ನಂಬಬೇಡಿ.

ಲೆಬೆಟಲಾಲ್ ಕೆಲವು ವಿಧಾನಗಳಲ್ಲಿ ಪರೀಕ್ಷೆಯನ್ನೇ ಕೆಡಿಸುತ್ತದೆ. ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಗಳು ಮರುಹೀರಿಕೆ ತಡೆದು ನಿಜವಾಗಿಯೇ ಏರಿಸುತ್ತವೆ.

ದಿನನಿತ್ಯದ ಕೆಲಸಕ್ಕೆ ಹೃದಯದ ಮೇಲಿನ ಒತ್ತಡ ತೋರಿಸುವ ರಕ್ತಪರೀಕ್ಷೆ ಎನ್‌ಟಿ-ಪ್ರೊಬಿಎನ್‌ಪಿ ಸಾಕು. ಸ್ಯಾಕುಬಿಟ್ರಿಲ್-ವಾಲ್ಸಾರ್ಟನ್ ತೆಗೆದುಕೊಳ್ಳುವವರಲ್ಲಿ ಬರೀ ಬಿಎನ್‌ಪಿ ಬೇಡ. ಸ್ಯಾಕುಬಿಟ್ರಿಲ್ ನೆಪ್ರಿಲೈಸಿನ್ ಕಿಣ್ವವನ್ನು ತಡೆದರೆ ಬಿಎನ್‌ಪಿ ಒಡೆಯುವುದು ನಿಧಾನವಾಗಿ ಅಂಕಿ ಏರಬಹುದು, ರೋಗಿ ಸುಧಾರಿಸುತ್ತಿದ್ದರೂ. ಎನ್‌ಟಿ-ಪ್ರೊಬಿಎನ್‌ಪಿಗೆ ಆ ತೊಂದರೆಯಿಲ್ಲ.

ನ್ಯೂಕ್ಲಿಯರ್_ಟೆಕ್
ಹೃದಯದೊಳಗಿನದ್ದನ್ನೇ ನೋಡಬೇಕೆಂದರೆ ಮೇಲೆ ಹೆಸರು ಬಂದ ಎಂಐಬಿಜಿ. ನರದ ತುದಿ ಇದನ್ನು ನಾರ್‌ಅಡ್ರಿನಾಲಿನ್ ಎಂದೇ ತಿಳಿದು ಒಳಗೆಳೆದುಕೊಳ್ಳುತ್ತದೆ. ಅಯೋಡಿನ್-123 ಅಂಟಿಸಿರುವುದರಿಂದ ಕ್ಯಾಮೆರಾದಲ್ಲಿ ಕಾಣುತ್ತದೆ. ಮೊದಲು ಥೈರಾಯ್ಡ್ ರಕ್ಷಣೆಗೆ ಪೊಟ್ಯಾಸಿಯಂ ಅಯೋಡೈಡ್. ಚುಚ್ಚುಮದ್ದಿನ 15 ನಿಮಿಷಕ್ಕೆ ಒಂದು ಚಿತ್ರ, ಸುಮಾರು 4 ಗಂಟೆಗೆ ಇನ್ನೊಂದು. ತಡವಾದ ಚಿತ್ರದಲ್ಲಿ ಹೃದಯ ಮತ್ತು ಎದೆಮಧ್ಯದ ಎಣಿಕೆಯ ಅನುಪಾತ ನೋಡುತ್ತೇವೆ. 2010ರ ಅಡ್ಮೈರ್-ಎಚ್‌ಎಫ್ (961 ರೋಗಿಗಳು) 1.60ಕ್ಕಿಂತ ಕೆಳಗಿದ್ದವರಿಗೆ ಅಪಾಯ ಹೆಚ್ಚೆಂದು ತೋರಿಸಿತು.

ಎಡವುವ ಜಾಗ ಕಾಲಿಮೇಟರ್ (ಕ್ಯಾಮೆರಾ ಮುಂದೆ ಕಿರಣ ಸೋಸುವ ಸೀಸದ ಜಾಲರಿ). ಅಯೋಡಿನ್-123ರ ಮುಖ್ಯ ಕಿರಣ 159 ಕೆಇವಿ, ಜೊತೆಗೆ 529 ಕೆಇವಿಯ ಒಂದಷ್ಟು ಬರುತ್ತದೆ. ಕಡಿಮೆ ಶಕ್ತಿಯ ಕಾಲಿಮೇಟರ್‌ನ ಗೋಡೆಯನ್ನು ಅದು ತೂರಿಕೊಂಡು ಬಂದು ಅನುಪಾತವನ್ನು ಕೆಳಗಿಳಿಸುತ್ತದೆ. ಒಂದು ಕೇಂದ್ರದ 1.55, ಇನ್ನೊಂದರ 1.75 ಒಂದೇ ರೋಗಿಯದ್ದಾಗಿರಬಹುದು. ಚಿಕಿತ್ಸೆಯ ಮುಂಚೆ, ಆಮೇಲೆ ಹೋಲಿಸುವುದಾದರೆ ಅದೇ ಕ್ಯಾಮೆರಾ, ಅದೇ ಕಾಲಿಮೇಟರ್. ಸಾಮಾನ್ಯ ಬೀಟಾ ಬ್ಲಾಕರ್, ಎಸಿಇ ಇನ್ಹಿಬಿಟರ್ ನಿಲ್ಲಿಸಬೇಕಿಲ್ಲ. ಲೆಬೆಟಲಾಲ್, ಟ್ರೈಸೈಕ್ಲಿಕ್ ಮಾತ್ರೆ, ಸ್ಯೂಡೊಎಫೆಡ್ರಿನ್ ಇರುವ ಶೀತದ ಔಷಧಿ ನಿಲ್ಲಿಸದಿದ್ದರೆ ನರ ಸತ್ತಂತೆ ಚಿತ್ರ ಬರುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲೂ ಅನುಪಾತ ಕುಸಿದಿರುತ್ತದೆ.

ಹಾರ್ಟ್ ಅಟ್ಯಾಕ್ ಆದ ಹೃದಯದಲ್ಲಿ ಎಂಐಬಿಜಿ ಕಾಣದ ಪ್ರದೇಶ ಎಷ್ಟೋ ಸಲ ಗಾಯದ ಪ್ರದೇಶಕ್ಕಿಂತ ದೊಡ್ಡದು. ಗಾಯದ ಅಂಚಿನ ಬದುಕಿರುವ ಸ್ನಾಯುವಿಗೆ ನರವೇ ಇಲ್ಲವಾಗಿರುತ್ತದೆ.

ಶರೀರಕ್ರಿಯೆ_ಮೇಷ್ಟ್ರು
ಈ ಕೊನೆಯ ಮಾತು ಬಹಳ ಮುಖ್ಯ. ನರವಿಲ್ಲದ ಸ್ನಾಯು ರಕ್ತದಲ್ಲಿ ಬರುವ ಅಡ್ರಿನಾಲಿನ್‌ಗೆ ಅತಿಯಾಗಿ ಸ್ಪಂದಿಸುತ್ತದೆ. ಪಕ್ಕದಲ್ಲೇ ನರ ಅತಿಯಾಗಿ ಚಿಗುರಿದ ಜಾಗವೂ ಇರಬಹುದು. ಅಕ್ಕಪಕ್ಕದ ಕೋಶಗಳು ಬೇರೆ ಬೇರೆ ವೇಗದಲ್ಲಿ ಚೇತರಿಸಿಕೊಂಡರೆ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾಗೆ (ಅಪಾಯಕಾರಿ ವೇಗದ ಬಡಿತ) ನೆಲ ಸಿದ್ಧ. ಬೀಟಾ ಬ್ಲಾಕರ್ ಹಠಾತ್ ಸಾವನ್ನು ಇಳಿಸುವುದರ ಹಿಂದೆ ಇದೂ ಇದೆ.

ಐಸಿಸಿಯು_ಸಿಸ್ಟರ್
ವಾರ್ಡಿನ ಕಡೆಯಿಂದ. ಬೀಟಾ ಬ್ಲಾಕರ್ ಶುರು ಮಾಡಿದ ಮೊದಲ ವಾರಗಳಲ್ಲಿ ರೋಗಿ "ಮಾತ್ರೆ ತಗೊಂಡ ಮೇಲೆ ಸುಸ್ತು ಜಾಸ್ತಿ" ಎನ್ನುತ್ತಾರೆ. ಅವರು ಹೇಳುವುದು ನಿಜ. ಇಎಫ್ ಮೊದಲು ತುಸು ಇಳಿದು, ಸುಮಾರು ಮೂರು ತಿಂಗಳಿಗೆ ಮೊದಲಿಗಿಂತ ಮೇಲೇರುತ್ತದೆ. ಇದನ್ನು ಮೊದಲೇ ಹೇಳಿ ಕಳಿಸದಿದ್ದರೆ ಮನೆಗೆ ಹೋಗಿ ನಿಲ್ಲಿಸಿಬಿಡುತ್ತಾರೆ.

ಕಾಲಿನ ಬಾವು, ಶ್ವಾಸಕೋಶದ ನೀರು ಇಳಿದ ಮೇಲೆಯೇ ಶುರು. ಕಾರ್ವೆಡಿಲಾಲ್ 3.125 ಮಿ.ಗ್ರಾಂ ದಿನಕ್ಕೆರಡು ಸಲ, ಊಟದ ಜೊತೆ. ಖಾಲಿ ಹೊಟ್ಟೆಯಲ್ಲಿ ಬೇಗ ರಕ್ತ ಸೇರಿ ತಲೆಸುತ್ತು ಬರುತ್ತದೆ. ಎರಡು ವಾರಕ್ಕೊಮ್ಮೆ ಎರಡರಷ್ಟು ಮಾಡುತ್ತಾ 25 ಮಿ.ಗ್ರಾಂ ದಿನಕ್ಕೆರಡು ಸಲದವರೆಗೆ, 85 ಕೆ.ಜಿ. ಮೀರಿದವರಿಗೆ 50ರವರೆಗೆ. ಬಿಸೊಪ್ರೊಲಾಲ್ 1.25ರಿಂದ 10. ಮೆಟೊಪ್ರೊಲಾಲ್ ಸಕ್ಸಿನೇಟ್ 12.5 ಅಥವಾ 25ರಿಂದ 200, ದಿನಕ್ಕೊಮ್ಮೆ, ಪುಡಿ ಮಾಡಬಾರದು.

ಪ್ರತಿದಿನ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಮೊದಲು ನೀರಿನ ಮಾತ್ರೆ ಹೆಚ್ಚಿಸಲು ವೈದ್ಯರನ್ನು ಕೇಳಬೇಕು, ಬೀಟಾ ಬ್ಲಾಕರ್ ಅಲ್ಲೇ ಇರಲಿ. ಬಡಿತ 50ರ ಕೆಳಗೆ, ಅಥವಾ ಬಿಪಿ 90ರ ಕೆಳಗೆ ಹೋಗಿ ತಲೆಸುತ್ತಿದ್ದರೆ ಡೋಸ್ ಅರ್ಧ. ಶಾಕ್ ಇದ್ದರೆ ಮಾತ್ರ ಪೂರ್ತಿ ನಿಲುಗಡೆ.

ಕಾರ್ವೆಡಿಲಾಲ್ ಮೇಲಿರುವ ರೋಗಿ ಶಾಕ್‌ನಲ್ಲಿ ಬಂದಾಗ ಬೀಟಾ ರಿಸೆಪ್ಟರ್ ಕೆರಳಿಸುವ ಡೋಬುಟಮಿನ್ ಏರಿಸುತ್ತಾ ಹೋದರೂ ಬಿಪಿ ಕದಲದಿರಬಹುದು, ಏಕೆಂದರೆ ಅದು ಕೂರಬೇಕಾದ ರಿಸೆಪ್ಟರ್ ಮುಚ್ಚಿದೆ. ಮಿಲ್ರಿನೋನ್ ರಿಸೆಪ್ಟರ್ ದಾಟಿ ಕೆಳಗೆ ಕೆಲಸ ಮಾಡುವುದರಿಂದ ಅದಕ್ಕೆ ಸ್ಪಂದನ ಸಿಗುತ್ತದೆ. ಅದನ್ನು ಮಾತ್ರೆಯಾಗಿ ದಿನವೂ ಕೊಟ್ಟ ಪ್ರಾಮಿಸ್ ಟ್ರಯಲ್‌ನಲ್ಲಿ (1991, 1,088 ರೋಗಿಗಳು) ಸಾವು 28% ಏರಿತು ಎಂಬುದನ್ನೂ ನೆನಪಿಡಿ. ಗಂಟೆಗಳ ಆಸರೆಗೆ ಇರುವ ಔಷಧಿ ಅದು.

ಮಲೆನಾಡ_ಫಾರ್ಮಸಿ
ಅಂಗಡಿಯ ಕಟ್ಟೆಯಲ್ಲೇ ಈ ಚಿಕಿತ್ಸೆ ಹಾಳಾಗುವುದುಂಟು. ನೆಗಡಿ ಎಂದು ಬಂದವರಿಗೆ ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮಿನ್, ರಕ್ತನಾಳ ಬಿಗಿಸುವ ಫಿನೈಲ್‌ಎಫ್ರಿನ್ ಮೂರೂ ಇರುವ ಮಾತ್ರೆ ಕೊಡುತ್ತಾರೆ. ಹೃದಯದ ರೋಗಿಗೆ ಬರೀ ಪ್ಯಾರಾಸಿಟಮಾಲ್ ಮತ್ತು ಉಪ್ಪುನೀರಿನ ಮೂಗುಹನಿ ಸಾಕು. ಮಂಡಿನೋವಿಗೆ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಬೇಡ, ಉಪ್ಪು ನೀರು ಹಿಡಿದಿಡುತ್ತವೆ.

ಉಬ್ಬಸಕ್ಕೆ ಎಟೊಫಿಲಿನ್-ಥಿಯೊಫಿಲಿನ್ ಮಾತ್ರೆ ಹಳ್ಳಿಗಳಲ್ಲಿ ಈಗಲೂ ಧಾರಾಳ. ಥಿಯೊಫಿಲಿನ್ ಸಿಎಎಂಪಿ ಒಡೆಯುವುದನ್ನು ತಡೆಯುತ್ತದೆ, ಅಂದರೆ ಸಿಸ್ಟರ್ ಹೇಳಿದ ಮಿಲ್ರಿನೋನ್ ದಾರಿಯೇ. ಫೇಲ್ಯೂರ್‌ನಲ್ಲಿ ಲಿವರ್ ಅದನ್ನು ನಿಧಾನವಾಗಿ ಹೊರಹಾಕುತ್ತದೆ, ಜೊತೆಗೆ ಸಿಪ್ರೊಫ್ಲಾಕ್ಸಾಸಿನ್ ಬಿದ್ದರೆ ಮಟ್ಟ ಇನ್ನೂ ಏರುತ್ತದೆ. ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್ ಮೆಟೊಪ್ರೊಲಾಲ್ ಮಟ್ಟ ಏರಿಸಿ ಬಡಿತ ತೀರಾ ಇಳಿಸಬಹುದು.

ಸ್ಪೈರೊನೊಲ್ಯಾಕ್ಟೋನ್ ಜೊತೆ ರಾಮಿಪ್ರಿಲ್ ಇದ್ದವರಿಗೆ ಪೊಟ್ಯಾಸಿಯಂ ಮಾತು ಹೇಳಲೇಬೇಕು. ಒಳ್ಳೆಯದೆಂದು ದಿನಕ್ಕೆ ಎರಡು ಮೂರು ಎಳನೀರು ಕುಡಿಯುವುದು, ಬಿಪಿಗೆಂದು 'ಲೋ ಸೋಡಿಯಂ' ಉಪ್ಪು ತರುವುದು ಎರಡೂ ಅಪಾಯ. ಆ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಶುರು ಮಾಡಿದ ಒಂದು ವಾರಕ್ಕೆ, ಆಮೇಲೆ ನಾಲ್ಕು ವಾರಕ್ಕೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಪೊಟ್ಯಾಸಿಯಂ 5.5 ದಾಟಿದರೆ ಡೋಸ್ ಅರ್ಧ, 6 ದಾಟಿದರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ.

ಎನಾಲಪ್ರಿಲ್‌ನಿಂದ ಸ್ಯಾಕುಬಿಟ್ರಿಲ್-ವಾಲ್ಸಾರ್ಟನ್‌ಗೆ ಬದಲಾದವರ ಹಳೆಯ ಮಾತ್ರೆಯ ಪಟ್ಟಿ (ಸ್ಟ್ರಿಪ್) ಮನೆಯಲ್ಲೇ ಇರುತ್ತದೆ. ನಡುವೆ 36 ಗಂಟೆ ಬಿಡುವು ಇರಲೇಬೇಕು, ಎರಡೂ ಒಟ್ಟಿಗೆ ಹೋದರೆ ಮುಖ, ಗಂಟಲು ಊದಿಕೊಳ್ಳುವ ಆಂಜಿಯೊಎಡಿಮಾ. ಹಳೆಯ ಪಟ್ಟಿಯನ್ನು ವಾಪಸ್ ತೆಗೆದುಕೊಂಡೇ ಹೊಸದು ಕೊಡುವುದು ಉತ್ತಮ.

ಎಂ.ಫಾರ್ಮ್_ಎರಡನೇ_ವರ್ಷ
ಕಾರ್ವೆಡಿಲಾಲ್ ಹೃದಯದ ನಾರ್‌ಅಡ್ರಿನಾಲಿನ್ ಇಳಿಸುತ್ತದೆ, ಮೆಟೊಪ್ರೊಲಾಲ್ ಇಳಿಸುವುದಿಲ್ಲ, ಅದಕ್ಕೇ ಎರಡನ್ನೂ ಹೋಲಿಸಿದ ಕಾಮೆಟ್ ಟ್ರಯಲ್‌ನಲ್ಲಿ ಕಾರ್ವೆಡಿಲಾಲ್ ಗೆದ್ದಿತು ಎಂದು ಹೇಳಬಹುದೇ?

ಶರೀರಕ್ರಿಯೆ_ಮೇಷ್ಟ್ರು
ಮೊದಲರ್ಧಕ್ಕೆ ಆಧಾರವಿದೆ. ನರದ ತುದಿಯಲ್ಲಿ ಬಿಡುಗಡೆ ಹೆಚ್ಚಿಸುವ ಬೀಟಾ-2 ಇದೆ, ಕಾರ್ವೆಡಿಲಾಲ್ ಅದನ್ನೂ ತಡೆಯುತ್ತದೆ. ಹೃದಯದಿಂದ ಹೊರಬರುವ ಕರೊನರಿ ಸೈನಸ್ ರಕ್ತದಲ್ಲಿ ಇಳಿಕೆ ಅಳೆದಿದ್ದಾರೆ. ಮೆಟೊಪ್ರೊಲಾಲ್ ರಿಸೆಪ್ಟರ್ ಸಂಖ್ಯೆಯನ್ನು ಮರಳಿ ಏರಿಸುತ್ತದೆ, ಕಾರ್ವೆಡಿಲಾಲ್ ಏರಿಸುವುದಿಲ್ಲ. ಆದರೂ ಎರಡರಿಂದಲೂ ಇಎಫ್ ಏರುತ್ತದೆ. ಅಂದರೆ ರಿಸೆಪ್ಟರ್ ಎಣಿಕೆ ಮರಳುವುದೇ ಗುಣವಾಗುವ ದಾರಿ ಎನ್ನಲು ಬರುವುದಿಲ್ಲ.

ಕಾರ್ಡಿಯಾಲಜಿ_ಹುಬ್ಬಳ್ಳಿ
ಎರಡನೇ ಅರ್ಧವನ್ನು ನಾನು ಒಪ್ಪುವುದಿಲ್ಲ. ಕಾಮೆಟ್ (2003, 3,029 ರೋಗಿಗಳು) ಬಳಸಿದ್ದು ಮೆಟೊಪ್ರೊಲಾಲ್ ಟಾರ್ಟ್ರೇಟ್, ಗುರಿ 50 ಮಿ.ಗ್ರಾಂ ದಿನಕ್ಕೆರಡು ಬಾರಿ. ಸಾವು ಕಾರ್ವೆಡಿಲಾಲ್‌ನಲ್ಲಿ 34%, ಮೆಟೊಪ್ರೊಲಾಲ್‌ನಲ್ಲಿ 40%. ಮೆರಿಟ್-ಎಚ್‌ಎಫ್ (1999, 3,991 ರೋಗಿಗಳು) ಸಾವನ್ನು 34% ಇಳಿಸಿದ್ದು ಸಕ್ಸಿನೇಟ್, ಗುರಿ 200 ಮಿ.ಗ್ರಾಂ. ಬೇರೆ ಲವಣ, ಬೇರೆ ಡೋಸ್. ಟಾರ್ಟ್ರೇಟ್ ಎರಡು ಡೋಸುಗಳ ನಡುವೆ ಇಳಿದುಹೋಗುತ್ತದೆ, ಆ ಹೊತ್ತಿನಲ್ಲಿ ಬೀಟಾ-1 ಕಾವಲಿಲ್ಲದೆ ಉಳಿಯುತ್ತದೆ. ಸೆಮಿನಾರ್‌ನಲ್ಲಿ ಹೇಳುವುದಾದರೆ, "ಆ ಡೋಸಿನ ಟಾರ್ಟ್ರೇಟ್‌ಗಿಂತ ಕಾರ್ವೆಡಿಲಾಲ್ ಮೇಲು" ಎನ್ನುವಷ್ಟಕ್ಕೆ ನಿಲ್ಲಿಸಿ. ಪಟ್ಟಿಯ ಮೇಲೆ ಸಕ್ಸಿನೇಟ್ ಎಂದಿದೆಯೇ ಎಂದು ಓದುವುದು ಈ ವಾದಕ್ಕಿಂತ ಹೆಚ್ಚು ಜೀವ ಉಳಿಸುತ್ತದೆ.

ಲ್ಯಾಬ್_ಸುಧಾ
ಕಾರ್ಟಿಸೋಲ್ ಬಗ್ಗೆ ಯಾರೂ ಹೇಳಲಿಲ್ಲ. ಒತ್ತಡದ ಹಾರ್ಮೋನ್ ಎಂದರೆ ಜನ ಕೇಳುವುದು ಅದನ್ನೇ.

ಶರೀರಕ್ರಿಯೆ_ಮೇಷ್ಟ್ರು
ಒಳ್ಳೆಯ ಪ್ರಶ್ನೆ ಮೇಡಂ. ಮೂತ್ರಪಿಂಡದಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವಿದೆ, ಹಾಗಾಗಿ ಎರಡು ಹಾರ್ಮೋನೂ ಕೂರಬಲ್ಲ ಮಿನರಲೊಕಾರ್ಟಿಕಾಯ್ಡ್ ರಿಸೆಪ್ಟರ್ ಅಲ್ಡೋಸ್ಟಿರೋನ್‌ಗೆ ಸಿಗುತ್ತದೆ. ಹೃದಯಸ್ನಾಯುಕೋಶದಲ್ಲಿ ಆ ಕಿಣ್ವದ ಕಾವಲು ಇಲ್ಲವೆನ್ನುವಷ್ಟು ಕಡಿಮೆ, ರಿಸೆಪ್ಟರ್ ಮೇಲೆ ಹೆಚ್ಚಾಗಿ ಕೂತಿರುವುದು ಕಾರ್ಟಿಸೋಲೇ. ಸಹಜ ಸ್ಥಿತಿಯಲ್ಲಿ ಸುಮ್ಮನಿರುತ್ತದೆ, ಕೋಶ ಆಕ್ಸಿಡೇಟಿವ್ ಒತ್ತಡದಲ್ಲಿರುವಾಗ ಅಲ್ಡೋಸ್ಟಿರೋನ್‌ನಂತೆಯೇ ವರ್ತಿಸಬಲ್ಲದು ಎಂಬುದು ವಿಜ್ಞಾನಿ ಫಂಡರ್ ಮುಂದಿಟ್ಟ ವಿವರಣೆ. ಅಲ್ಡೋಸ್ಟಿರೋನ್ ಸಹಜವಿದ್ದವರಿಗೂ ಸ್ಪೈರೊನೊಲ್ಯಾಕ್ಟೋನ್ ಯಾಕೆ ಉಪಯೋಗ ಎಂಬುದಕ್ಕೆ ಇದು ಒಂದು ಉತ್ತರ.

ಐಸಿಸಿಯು_ಸಿಸ್ಟರ್
ಕೊನೆಯದಾಗಿ ರೋಗಿಗಳು ಕೇಳುವುದನ್ನು ಇಲ್ಲಿ ಕೇಳುತ್ತೇನೆ ಸರ್. ಎಕೋ ನಾರ್ಮಲ್ ಬಂತು, ಮಾತ್ರೆ ಬಿಡಬಹುದಾ?

ಕಾರ್ಡಿಯಾಲಜಿ_ಹುಬ್ಬಳ್ಳಿ
ಬಿಡಬಾರದು. 2019ರ ಟ್ರೆಡ್-ಎಚ್‌ಎಫ್ ಇದನ್ನೇ ನೋಡಿತು. ಹೃದಯ ಹಿಗ್ಗಿ ದುರ್ಬಲವಾಗುವ ಡೈಲೇಟೆಡ್ ಕಾರ್ಡಿಯೊಮಯೊಪತಿಯಿಂದ ಚೇತರಿಸಿಕೊಂಡು, ಯಾವ ಲಕ್ಷಣವೂ ಇಲ್ಲದ, ಇಎಫ್ 50% ಮೇಲಿದ್ದ 51 ಜನ. ಔಷಧಿಯನ್ನು ಹಂತಹಂತವಾಗಿ ಬಿಡಿಸಿದ ಗುಂಪಿನಲ್ಲಿ ಆರು ತಿಂಗಳೊಳಗೆ 44% ಜನರಿಗೆ ಕಾಯಿಲೆ ಮರಳಿತು. ಮುಂದುವರಿಸಿದವರಲ್ಲಿ ಯಾರಿಗೂ ಇಲ್ಲ. ಖರ್ಚಿನ ತೊಂದರೆಯಿದ್ದರೆ ಜನೌಷಧಿ ಕೇಂದ್ರದಲ್ಲಿ ಜೆನೆರಿಕ್ ವಿಚಾರಿಸಲಿ. ಸುಸ್ತು ತಡೆಯಲಾಗದಿದ್ದರೆ ಡೋಸ್ ಒಂದು ಹಂತ ಇಳಿಸಿ ನಾಲ್ಕು ವಾರ ನೋಡೋಣ. ಊರಿಗೆ ಹೋಗುವಾಗ ಹತ್ತು ದಿನದ ಹೆಚ್ಚುವರಿ ಪಟ್ಟಿ ಕಟ್ಟಿಕೊಡಿ. ಅಟ್ಯಾಕ್ ಆಗಿರುವವರು ಬೀಟಾ ಬ್ಲಾಕರನ್ನು ಥಟ್ಟನೆ ಬಿಟ್ಟರೆ ಎರಡು ಮೂರು ದಿನದಲ್ಲೇ ಎದೆನೋವು, ಬಡಿತ ಏರಿ ನಿಮ್ಮ ವಾರ್ಡಿಗೇ ಬರುತ್ತಾರೆ.